ಮುಚ್ಚಳದ ಒಳಮೈ

ತಮ್ಮಾ ಲಸಿಯೊ,

ಮೊನ್ನೆ ನೀನು ನಿನ್ನ ಒಲೆಯ ಬಿಸಿ ತೋಫುವಿನ ಪೊಟ್ಟಣ ಹಿಡಿದು ಬಂದು ಹೋದಾಗಿನಿಂದ ಈ ಪತ್ರವನ್ನು ಬರೆದು ಬರೆದು ಹರಿಯುತ್ತಿದ್ದೇನೆ. "ಅಕ್ಕಾ, ಒಂದು ಗಂಡು ಒಂದು ಹೆಣ್ಣು ಅಷ್ಟೇ ಇರೋ ಮನೆ ಮಕ್ಕಳು ಕಾಲನಿಗೆ ತುತ್ತು ಅಂತಾರೆ. ನನ್ನ ಮಕ್ಕಳಿಬ್ಬರಿಗೂ ನೀನೇ ಕಾಲನ ಗೊಂಬೆಯಾಟ ಆಡಿ ಅವನಿಂದ ಬಿಡಿಸಿಕೊಡು" ಎಂದೆ. ಆಮೇಲೆ ನೀನೇ, "ಆ ಕಾಲ ರಾಕ್ಷಸನ ದನಿ ನಿನಗೇನು ಕಷ್ಟ? ಹುಟ್ಟಿದಾಗಿಂದ ನನ್ನನ್ನ ಗದರಿಸಿ ಅಭ್ಯಾಸ ಇದೆಯಲ್ಲ!" ಎಂದು ನಕ್ಕೆ. ನಾನೂ ನಕ್ಕೆ. ಹೂಂ ಎಂದೂಬಿಟ್ಟೆ.

ಮೂವತ್ತು ವರ್ಷ ತೊಗಲು ಗೊಂಬೆ ಆಡಿಸಿದ್ದೇನೆ. ಕಾಲನ ಆಟವನ್ನು ಮಾತ್ರ ಜ್ವರ, ಗಂಟಲುನೋವು ಎಂದು ನೆಪ ಹೇಳಿ ತಪ್ಪಿಸಿಕೊಂಡೇ ಬಂದೆ. ಅಪ್ಪ ಹೇಳುತ್ತಿದ್ದರಲ್ಲ, "ಕಾಲನ ದನೀನ ಗಂಟಲಲ್ಲಿ ಹುಡುಕಬೇಡ. ನಿನಗೆ ಯಾರನ್ನ ನುಂಗಬೇಕು ಅನ್ಸಿತ್ತೋ ಅಲ್ಲಿ ಹುಡುಕು." ನನಗೆ ಹುಡುಕುವ ಕಷ್ಟವೇ ಇರಲಿಲ್ಲ.

ಅಂದು ನಿನಗೆ ಆರು ವರ್ಷ, ನನಗೆ ಹತ್ತು. ಬೆಳಿಗ್ಗೆ ಅಪ್ಪ ಮೇಳದವರ ಮುಂದೆ, "ಗೊಂಬೆ ಪೆಟ್ಟಿಗೆ ಮಗನಿಗೆ. ಹುಡುಗಿ ಬೇಕಾದ್ರೆ ಧೂಳು ಒರೆಸಿಕೊಂಡಿರಲಿ" ಎಂದಿದ್ದರು. ಎಲ್ಲ ಗೊಂಬೆಗಳ ಮಾತೂ ನನಗೆ ಬಾಯಿಪಾಠವಾಗಿತ್ತು. ನಿನಗೆ ಒಂದೂ ಬರುತ್ತಿರಲಿಲ್ಲ. ಮಧ್ಯಾಹ್ನ ಗೊಂಬೆಗಳನ್ನೆಲ್ಲ ಗಾಳಿಗೆ ಹರವಿ ಅಪ್ಪ ಹೊರಗೆ ಹೋಗಿದ್ದರು. ಕಣ್ಣಾಮುಚ್ಚಾಲೆಯಲ್ಲಿ ನೀನು ಖಾಲಿ ಪೆಟ್ಟಿಗೆಯೊಳಗೆ ಅಡಗಿದೆ. ನಾನು ಮುಚ್ಚಳ ಹಾಕಿ ಅದರ ಮೇಲೆ ಕೂತೆ.

ನೀನು ಒಳಗಿನಿಂದ ಬಡಿದೆ. ಅಪ್ಪ ಕೊಡತಿಯಿಂದ ಪೆಟ್ಟಿಗೆ ಬಡಿದು ತಾಳ ಕೊಡುವ ಸದ್ದಿಗೂ ಅದಕ್ಕೂ ವ್ಯತ್ಯಾಸವೇ ಇರಲಿಲ್ಲ. ನಾವು ತಾಳದ ಅಭ್ಯಾಸ ಮಾಡುತ್ತಿದ್ದೇವೆ ಎಂದುಕೊಂಡು ಅಮ್ಮ ಅಡುಗೆಮನೆಯಿಂದ, "ಸ್ವಲ್ಪ ಮೆತ್ತಗೆ ಬಡೀರಿ, ಗೋಡೆ ಬೀಳತ್ತೆ" ಎಂದು ಕೂಗಿದಳು. ನಾನು ಬಗ್ಗಿ ಮುಚ್ಚಳಕ್ಕೆ ಬಾಯಿ ತಾಗಿಸಿ, "ಇನ್ನೂ ಸ್ವಲ್ಪ ಹೊತ್ತು ಇರು, ಕಂದಾ" ಎಂದೆ. ಅಷ್ಟು ಮೃದುವಾಗಿ ನಿನ್ನ ಹತ್ತಿರ ಮತ್ತೆಂದೂ ಮಾತಾಡಿಲ್ಲ. ಬಡಿತ ನಿಂತಿತು. ಆಮೇಲೂ ಕೂತೇ ಇದ್ದೆ. ಅಪ್ಪನ ಸೈಕಲ್ ಗಂಟೆ ಕೇಳಿದ ಮೇಲೆ ಎದ್ದೆ.

ನಿನ್ನ ತುಟಿ ನೀಲಿಯಾಗಿತ್ತು. ಉಸಿರು ಬಂದ ಮೇಲೆ ನೀನು, "ಮುಚ್ಚಳ ತಾನಾಗೇ ಬಿತ್ತು" ಎಂದೆ. ನನ್ನ ದನಿ ನಿನಗೆ ಕೇಳಿಸಿತ್ತೋ ಇಲ್ಲವೋ, ಕೇಳುವ ಧೈರ್ಯ ಈವರೆಗೂ ಬಂದಿಲ್ಲ. ಆಮೇಲೆ ನೀನು ಆ ಪೆಟ್ಟಿಗೆಯ ಹತ್ತಿರ ಸುಳಿಯಲಿಲ್ಲ. ಇವತ್ತಿಗೂ ಬಾಗಿಲು ತೆರೆದಿಟ್ಟೇ ಮಲಗುತ್ತೀಯ, ಕಳ್ಳರಿಗೆ ಆಹ್ವಾನ ಎಂದು ಊರವರು ನಗುತ್ತಾರೆ. ಪೆಟ್ಟಿಗೆ ನನಗೆ ಬಂತು. ನಾನು ತಿಂದ ಅನ್ನವೆಲ್ಲ ನಿನ್ನ ಭಯ ಕೊಟ್ಟದ್ದು.

ನಿನ್ನೆ ಹಗಲು ಒಬ್ಬಳೇ ಪರದೆ ಕಟ್ಟಿ, ದೀಪ ಹಚ್ಚಿ ಕೂತು ಕಾಲನ ಗೊಂಬೆ ಎತ್ತಿದೆ, ಪೆಟ್ಟಿಗೆ ಬಡಿದೆ. ಅಬ್ಬರಿಸಲೆಂದು ಬಾಯಿ ತೆರೆದರೆ ಬಂದದ್ದು ಆ ಮೃದುವಾದ ದನಿಯೇ. "ಇನ್ನೂ ಸ್ವಲ್ಪ ಹೊತ್ತು ಇರು, ಕಂದಾ." ಪರದೆಯ ಮೇಲಿನ ನೆರಳು ಹೌದೆನ್ನುವಂತೆ ತಲೆಯಾಡಿಸಿತು. ಗೊಂಬೆ ಬಿಟ್ಟು ಅಂಗಳಕ್ಕೆ ಓಡಿದೆ. ನಿನಗೆ ಗೊತ್ತಾಗುತ್ತದೆಂಬ ಭಯ ಒಂದಾದರೆ, ಅದಕ್ಕಿಂತ ದೊಡ್ಡದು ಇನ್ನೊಂದಿದೆ. ನನ್ನೊಳಗಿನ ಆ ಹತ್ತು ವರ್ಷದ ಹುಡುಗಿ ಇನ್ನೂ ಮುಚ್ಚಳದ ಮೇಲಿಂದ ಎದ್ದಿಲ್ಲ. ಆಟದ ಕೊನೆಗೆ ನಿನ್ನ ಮಗಳು ನಿಂಗ್ರುಮ್ ಕಾಲನಿಂದ ಬಿಡುಗಡೆಯ ಗುರುತಿಗೆ ಒಂದು ಎಳೆ ಕೂದಲು ಕೊಡಲು ನನ್ನ ಕತ್ತರಿಯ ಮುಂದೆ ತಲೆ ಬಗ್ಗಿಸುತ್ತಾಳೆ. ಆಗ ಆ ಕೈ ಯಾರದಾಗಿರುತ್ತದೆ?

ಈ ಪತ್ರದ ಜೊತೆ ತರಕಾರಿ ಗಾಡಿಯಲ್ಲಿ ಪೆಟ್ಟಿಗೆಯ ಮುಚ್ಚಳವನ್ನು ಕಳಿಸಿದ್ದೇನೆ. ಆಟದಲ್ಲಿ ಅದನ್ನು ಬಲಗಡೆ ಅಂಗಾತ ಇಟ್ಟು ಗೊಂಬೆಗಳನ್ನು ಜೋಡಿಸುವುದು ನಮ್ಮ ಪದ್ಧತಿ, ಅದಿಲ್ಲದೆ ಆಟವಿಲ್ಲ. ಒಳಮೈಯನ್ನು ನೋಡು. ನಿನ್ನ ಉಗುರಿನ ಗೀರುಗಳಿವೆ. ಮೂವತ್ತು ವರ್ಷ ಅವುಗಳ ಮೇಲೆ ಬಟ್ಟೆ ಹಾಸಿದ್ದೇನೆ. ಒಲೆಗೆ ಹಾಕಿದರೆ ನಿನ್ನ ತೋಫು ಹಂಡೆಗೆ ಒಂದು ಹೊತ್ತಿನ ಸೌದೆಯಾಗುತ್ತದೆ, ನಾನು ಏನೂ ಅನ್ನುವುದಿಲ್ಲ. ನೀನೇ ಅದನ್ನು ಹೊತ್ತು ವಾಪಸ್ ತಂದರೆ, ಈ ಸಲ ಗೀರುಗಳ ಮೇಲೆ ಬಟ್ಟೆ ಹಾಸದೆ ಆಡುತ್ತೇನೆ.

ನಿನ್ನ ಬಾಗಿಲು ಸದಾ ತೆರೆದಿರಲಿ, ಮಕ್ಕಳು ಅದರಲ್ಲಿ ಓಡಾಡಿಕೊಂಡಿರಲಿ.

ಮುಚ್ಚಳದ ಮೇಲಿಂದ ಏಳಲು ಕಾಯುತ್ತಿರುವ ನಿನ್ನ ಅಕ್ಕ,
ವಿಯರ್ತಿ