ಲೆನ್ಸ್ ಕದ್ದವರು

ಪ್ರೀತಿಯ ನೆಲ್ಲಿ,

ನೀನು ಜ್ವರದಲ್ಲಿ ತೀರಿಕೊಂಡ ಮೇಲೆ ನಮ್ಮ ಕಾಲೇಜಿನಲ್ಲಿ ಮತ್ತೊಂದು ಮೈಕ್ರೊಸ್ಕೋಪ್ ಲೆನ್ಸ್ ಕಳವಾಯಿತು. ನಿನ್ನನ್ನು ಕಳ್ಳಿಯೆಂದು ಹೊರಹಾಕಿದವರು ಆಗಲೂ ಮಾತೆತ್ತಲಿಲ್ಲ. ನಾವಿಬ್ಬರೂ ಹಾಸ್ಟೆಲಿನಲ್ಲಿ ಓದುತ್ತಿದ್ದ ಪತ್ತೇದಾರಿ ಕಾದಂಬರಿಗಳಲ್ಲಿ ಮಾಡುವಂತೆ, ಇವತ್ತು ಊಟದ ಗಂಟೆ ಹೊಡೆದಾಗ ನಾನು ಲ್ಯಾಬಿನ ಕಪಾಟಿನ ಹಿಂದೆ ಅಡಗಿ ನಿಂತೆ.

ಬೀಗ ತೆಗೆದು ಒಳಬಂದವರು ಕ್ಲೋಟಿಲ್ಡಾ ಟೀಚರ್. ನಿನ್ನ ಮೇಲೆ ದೂರು ಕೊಟ್ಟವರೇ. ಒಂದು ಲೆನ್ಸ್ ಕಳಚಿ ಕರವಸ್ತ್ರದಲ್ಲಿ ಸುತ್ತಿದರು. ಯುದ್ಧ ಶುರುವಾಗಿ ವಿದೇಶದಿಂದ ಲೆನ್ಸ್ ಬರುವುದು ನಿಂತ ಮೇಲೆ ಅದಕ್ಕೆ ಒಳ್ಳೆಯ ಬೆಲೆ ಬಂದಿದೆ. ಅಷ್ಟರಲ್ಲಿ ನನ್ನ ಬಳೆ ಕಪಾಟಿಗೆ ತಾಗಿತು.

"ಯಾರದು?" ಎನ್ನುತ್ತಾ ಹತ್ತಿರ ಬಂದರು. ನಾನು ಕಪಾಟಿನ ಹಿಂದಿನಿಂದ ಹೊರಬಂದೆ.

"ನಾನು ನಳಿನಾಕ್ಷಿ. ನಿಮ್ಮ ಕೈಯಲ್ಲಿ ಎಂತ ಉಂಟು ಟೀಚರ್?"

ಅವರು ಬಾಗಿಲಿನತ್ತ ಓಡಿದರು. ನಾನು ಅಡ್ಡ ನಿಂತು, ಪ್ರಿನ್ಸಿಪಾಲರು ಬರುವವರೆಗೂ ಕೂಗಿದೆ.

ಸಂಜೆ ಕುಲಶೇಖರದ ನಿಮ್ಮ ಮನೆಗೆ ಹೋಗಿ ನಿನ್ನ ಅಮ್ಮನಿಗೆ ಹೇಳಿದೆ. "ಬಾಯಮ್ಮ, ನೆಲ್ಲಿ ಕದಿಯಲಿಲ್ಲ. ಇವತ್ತು ಸಾಬೀತಾಯ್ತು."

ಅವರು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. "ನನಗೆ ಅದು ಮೊದಲೇ ಗೊತ್ತುಂಟು ಮಗಾ," ಎಂದರು. "ನಿನಗೆ ಇವತ್ತು ಗೊತ್ತಾದದ್ದಾ?"

ಅವರು ಕೊಟ್ಟ ಚಹಾ ಕುಡಿದು ಎದ್ದು ಬಂದು, ನಿನಗೆ ಈ ಪತ್ರ ಬರೆಯಲು ಕೂತೆ.

ನಳಿನಾಕ್ಷಿ