ರೇಷ್ಮೆಗಂಟಿನ ಎರಡನೇ ಮುದ್ರೆ

ತ್ರೆಬಿಜೋಂಡ್,
ಸಂತ ದಿಮಿತ್ರಿಯೋಸರ ಹಬ್ಬದ ಮರುದಿನ

ಪ್ರೀತಿಯ ಯಜಮಾನರಿಗೆ,

ನಿಮ್ಮ ಅಂಥೂಸಾಳ ನಮಸ್ಕಾರಗಳು. ಆರೋಗ್ಯವೇ? ಮೊಣಕಾಲು ನೋವು ಹೇಗಿದೆ? ಹಿಯೆರೋನಿನ ಸುಂಕದಕಟ್ಟೆಯಲ್ಲಿ, ಆ ಥಂಡಿಗಾಳಿಯಲ್ಲಿ, ದಿನಗಟ್ಟಲೆ ಕಾಯುತ್ತಿದ್ದೀರೆಂದು ಕೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ, ಚೆಂದವಿಲ್ಲವೆಂದು ಮೂಲೆಗೆಸೆಯಬೇಡಿ. ನಮ್ಮ ಥೆಕ್ಲಾಳ ಜ್ವರ ಪೂರ್ತಿ ಇಳಿದಿದೆ. ಒಣಮೀನು ಬೇಡವೆಂದು ರಂಪ ಮಾಡುವಷ್ಟು ಚೇತರಿಸಿಕೊಂಡಿದ್ದಾಳೆ.

ನಿಮ್ಮ ಸುದ್ದಿ ತಂದ ನಾವಿಕ ಎಲ್ಲ ಹೇಳಿದ. ಗಂಟಿನ ಎರಡು ಸೀಸದ ಮುದ್ರೆಗಳಲ್ಲಿ ಒಂದು ಇಲ್ಲವೆಂದು ಸುಂಕದವರು ರೇಷ್ಮೆಯನ್ನು ತಡೆದರಂತೆ. ನೀವು ನಿಮ್ಮ ಜೊತೆಗೇ ಹಡಗೇರಿದ, ಗಂಟು ಕಟ್ಟುವ ವಾರ್ದಾಸನ ಕಡೆ ಬೆರಳು ತೋರಿಸಿದಿರಂತೆ. ಕ್ರಿಸ್ತಜಯಂತಿಯ ಉಪವಾಸ ಶುರುವಾಗುವ ಮುಂಚೆ ಅವನ ತಲೆ ಬೋಳಿಸಿ ಚಾಟಿಯಲ್ಲಿ ಹೊಡೆಯುತ್ತಾರಂತೆ. ಅವನು ಕಳ್ಳನಾದರೆ ಮಾಲು ನಮಗೆ ವಾಪಸು, ನಮ್ಮವರೇ ಕಿತ್ತದ್ದಾದರೆ ಎಲ್ಲವೂ ಅರಮನೆಗೆ. ಇದು ನನಗೂ ಗೊತ್ತು. ಆದರೂ ಹೇಳಲೇಬೇಕು: ಆ ಮುದ್ರೆ ಕತ್ತರಿಸಿದ್ದು ನಿಮ್ಮ ತಾಯಿ.

ಹಡಗಿಗೆ ಹೇರುವ ಮುನ್ನ ಗಂಟು ನಮ್ಮ ಅಂಗಳದಲ್ಲಿತ್ತಲ್ಲ, ಒಳಗೆ ಥೆಕ್ಲಾ ಜ್ವರದಲ್ಲಿ ಬಡಬಡಿಸುತ್ತಿದ್ದಳು. ಅತ್ತೆ ಸೀದಾ ಹೋಗಿ ದಾರ ತುಂಡರಿಸಿ, ದೇವಮಾತೆಯ ಮುಖವಿದ್ದ ಆ ಸೀಸದ ಬಿಲ್ಲೆಯನ್ನು, ಅದರಲ್ಲುಳಿದ ತುಂಡುದಾರಕ್ಕೆ ನೂಲು ಸೇರಿಸಿ, ಮಗುವಿನ ಕೊರಳಿಗೆ ಕಟ್ಟಿದ್ದಾರೆ. ಆಮೇಲೆ ಗಂಟಿಗೆ ತೊಗಲು ಹೊದಿಸಿದ್ದರಿಂದ ನಿಮಗೆ ಕಾಣಲಿಲ್ಲ. ನಾನು ಕಾಣುವಷ್ಟರಲ್ಲಿ ನಿಮ್ಮ ಹಡಗು ಹೊರಟಾಗಿತ್ತು. ಕೇಳಿದರೆ, "ಗಂಟಿಗೆ ಎರಡ್ಯಾಕೆ ಕಣೇ? ಒಂದು ಸಾಲ್ದಾ? ರೇಷ್ಮೆಗೇನು ಜ್ವರ ಬಂದಿದ್ಯಾ?" ಎಂದು ನನ್ನನ್ನೇ ಗದರಿದರು. ಹಿಂಬದಿಯಲ್ಲಿ ಸುಂಕದ ಅಧಿಕಾರಿಯ ಹೆಸರಿದೆಯಲ್ಲ ಎಂದರೆ, "ಅವನೂ ಕಾಪಾಡು ತಾಯೀ ಅಂತ್ಲೇ ಬರೆಸ್ಕೊಂಡಿದಾನೆ, ಓದು" ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾವಿಕನ ಮಾತು ಕೇಳಿದ ಮೇಲೆ, ಇದನ್ನು ಮತ್ತೆ ಗಂಟಿಗೆ ಕಟ್ಟಲಾಗದೇ ಎಂದು ನನ್ನನ್ನೇ ಕೇಳುತ್ತಿದ್ದಾರೆ. ಇಕ್ಕಳದಲ್ಲಿ ಒಮ್ಮೆ ಒತ್ತಿದ ಸೀಸದೊಳಗೆ ಮತ್ತೆ ದಾರ ತೂರುವುದಿಲ್ಲ, ತೂರುವಂತಿದ್ದರೆ ನಾನೇ ಕೂತು ಪೋಣಿಸುತ್ತಿದ್ದೆ.

ನಿಮಗೆ ಇದು ಗೊತ್ತಿರಲಿಲ್ಲ, ಒಪ್ಪಿದೆ. ಆದರೆ ವಾರ್ದಾಸ್ ನಮ್ಮ ಮನೆಯಲ್ಲಿ ಉಂಡವನು. ಅವನ ಹೆಸರು ಅಷ್ಟು ಸಲೀಸಾಗಿ ನಿಮ್ಮ ಬಾಯಿಗೆ ಬಂತಲ್ಲ ಎಂದು ನನಗೆ ಬಹಳ ಸಂಕಟವಾಗಿದೆ. ಮಾತು ಹಿಂದಕ್ಕೆ ತೆಗೆದುಕೊಳ್ಳಿ. ರೇಷ್ಮೆ ಹೋದರೆ ಹೋಗಲಿ, ನಾನು ನೂಲು ತೆಗೆದಾದರೂ ಸಂಸಾರ ತೂಗಿಸುತ್ತೇನೆ.

ಥೆಕ್ಲಾಳ ಮುತ್ತು, ಅತ್ತೆಯ ಆಶೀರ್ವಾದ. ಗಾಳಿ ನಿಮ್ಮ ಕಡೆಗಿರಲಿ, ಬೇಗ ಮನೆಗೆ ಬನ್ನಿ.

ನಿಮ್ಮ
ಅಂಥೂಸಾ

ವಿ.ಸೂ.: ಹಡಗು ಹೊರಡುವ ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಈಗಷ್ಟೇ ವಾರ್ದಾಸನ ಹೆಂಡತಿ ಎಫೀಮಿಯಾ ಮೊಸರು ಹಿಡಿದುಕೊಂಡು ಮಗುವನ್ನು ನೋಡಲು ಬಂದಿದ್ದಳು. ಕೊರಳಿನ ಬಿಲ್ಲೆಗೆ ಮುತ್ತಿಟ್ಟು, "ನನ್ ಗಂಡನ್ನೂ ನೀನೇ ಕಾಪಾಡವ್ವಾ" ಎಂದಳು. ನನಗೆ ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಸುಂಕದವರಿಗೆ ತೋರಿಸೆಂದು ಬಿಲ್ಲೆ ಬಿಚ್ಚಿ ಅವಳ ಕೈಗಿಟ್ಟವರು ಅತ್ತೆಯೇ. ಈ ಕಾಗದ ತಂದು ನಿಮ್ಮೆದುರು ನಿಂತಿರುವವಳು ಅವಳೇ. ನೀವು ಓದಿ ಮುಗಿಸುವವರೆಗೆ ಬಾಯಿ ಬಿಡಬೇಡ ಎಂದು ಹೇಳಿ ಕಳಿಸಿದ್ದೇನೆ.