ಹೊಟ್ಟೆ ಸೀಳದ ಧೈರ್ಯ

ಮಾರ್ಚ್ 3, ಸೋಮವಾರ

ಇವತ್ತು ಆಫೀಸಿನಲ್ಲಿ 912 ಕಾಮೆಂಟ್. ಓದುವುದು, ಒತ್ತುವುದು — ಒಂದಕ್ಕೆ ಅರ್ಧ ನಿಮಿಷ. ಎಡಗಡೆ ಬಟನ್ 'ಮನುಷ್ಯ', ಬಲಗಡೆ 'ಬಾಟ್', ಅಂದರೆ ಯಂತ್ರ ಬರೆದದ್ದು. ಯಾವ ಸೈಟು, ಬರೆದವರು ಯಾರು, ತೋರಿಸುವುದಿಲ್ಲ. ಬರೀ ಬರಹ. ಬಲಗಡೆ ಒತ್ತಿದರೆ ಅಕೌಂಟೇ ಹೋಗುತ್ತದೆ.

ಹೋದ ತಿಂಗಳು ನೂರಕ್ಕೆ ಮೂವತ್ತು ಬಾಟ್. ಈಗ ಅರವತ್ತು. ಕೊಡೆ ಮಾರುವುದೊಂದು, ಕೊಡೆಯನ್ನು ಹೊಗಳುವುದೊಂದು, ಹೊಗಳಿದ್ದಕ್ಕೆ ಥ್ಯಾಂಕ್ಸ್ ಹೇಳುವುದು ಮತ್ತೊಂದು. ತಾವೇ ಹಾಡಿ ತಾವೇ ತಲೆದೂಗುತ್ತವೆ.

ಬೇಗ ಕಂಡುಹಿಡಿಯಲು ಏನಾದರೂ ಸೂತ್ರ ಇದೆಯಾ ಎಂದು ಟೀಂ ಲೀಡರ್ ಕೇಳಿದ. ನಾನೇ ಕೊಟ್ಟೆ. "ತಪ್ಪೇ ಇಲ್ದಿದ್ರೆ ಬಾಟ್. ಮನುಷ್ಯರು ಯಾರು ಧೈರ್ಯಕ್ಕೆ ಹೊಟ್ಟೆ ಸೀಳ್ತಾರೆ?" ಎಲ್ಲರೂ ನಕ್ಕರು. ನಿಜ ತಾನೆ, 'ಧ'ದ ಸೀಳು ಬಿಟ್ಟು 'ದೈರ್ಯ' ಎಂದೇ ಊರೆಲ್ಲ ಬರೆಯುವುದು.

ಮಧ್ಯಾಹ್ನ ಒಂದು ಬಂತು: 'ಧೈರ್ಯವಾಗಿರಿ; ಅಳು ಬಂದರೆ ಅಳಿ, ನಾಚಿಕೆ ಬೇಡ.' ಜೋರಾಗಿ ಓದಿದೆ. ಪಕ್ಕದ ಸೀಟಿನವಳು, "ಅರ್ಧವಿರಾಮ ಬೇರೆ! ಈ ಕಾಲದಲ್ಲಿ ಯಾರೇ ಹಾಕ್ತಾರೆ?" ಎಂದಳು. ಬಲಗಡೆ ಒತ್ತಿದೆ.

ಮಾರ್ಚ್ 5, ಬುಧವಾರ. ಬೆಳಿಗ್ಗೆ 7

ಸೋದರಮಾವ ತಿಂಡಿ ಮುಟ್ಟಿಲ್ಲ. ಹೋದ ವರ್ಷ ಗಂಟಲಿನ ಆಪರೇಷನ್ ಆಗಿ ದನಿ ಹೋದಮೇಲೆ ನನ್ನ ಜೊತೆಗೇ ಇದ್ದಾರೆ. ಮಾತೆಲ್ಲ ಸ್ಲೇಟಿನ ಮೇಲೆ. ಮೂವತ್ತೆಂಟು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವರು — ಸಾಮಾನಿನ ಚೀಟಿಯಲ್ಲಿ 'ಸಾಭೂನು' ಎಂದು ಬರೆದರೂ ತಿದ್ದದೆ ಬಿಡುವುದಿಲ್ಲ.

ಎರಡು ದಿನದಿಂದ ಸ್ಲೇಟು ಖಾಲಿ. ಕೇಳಿದರೆ ಏನೂ ಇಲ್ಲವೆಂದು ಕೈ ಆಡಿಸುತ್ತಾರೆ. ಮೂಗಿನ ತುದಿಯಲ್ಲೇ ಕೋಪ ಇರುವವರು, ಕೋಪವನ್ನೂ ಮಾಡುತ್ತಿಲ್ಲ. ಭಯವಾಗುತ್ತಿದೆ.

ಮಾರ್ಚ್ 9, ಭಾನುವಾರ

ತಾವಾಗಿಯೇ ಫೋನ್ ತಂದು ನನ್ನ ಕೈಗಿಟ್ಟರು. ಗಂಟಲಿನ ಆಪರೇಷನ್ ಆದವರು, ಆಗಬೇಕಾದವರು ಸೇರಿಕೊಂಡಿರುವ ಒಂದು ಗುಂಪು. ಎಂಟು ತಿಂಗಳಿಂದ ಅಲ್ಲಿ ಬರೆಯುತ್ತಿದ್ದರಂತೆ. ಒಂದೇ ಮನೆಯಲ್ಲಿದ್ದು ನನಗೆ ಗೊತ್ತೇ ಇರಲಿಲ್ಲ. ಪರದೆಯ ಮೇಲೆ ಒಂದು ಸಾಲು: 'ಈ ಖಾತೆ ಯಂತ್ರದ್ದೆಂದು ಕಂಡುಬಂದಿದ್ದರಿಂದ ತೆಗೆಯಲಾಗಿದೆ.'

ಸ್ಲೇಟಿನಲ್ಲಿ ಬರೆದರು: 'ಪುಟ್ಟೀ, ನಾನು ಯಂತ್ರವೇ?'

ಒರೆಸಿ, ಮತ್ತೆ: 'ಗುಂಪಿನಲ್ಲಿರುವ ಹೊಲಿಗೆ ಕೆಲಸದ ಹೆಂಗಸೊಬ್ಬರಿಗೆ ಈ ಬುಧವಾರ ಆಪರೇಷನ್. ಯಾರೂ ದಿಕ್ಕಿಲ್ಲ. ನನ್ನನ್ನು "ತಿದ್ದೋ ಸಾರ್" ಎಂದೇ ಕರೆಯುತ್ತಾರೆ. ದಿನಾ ಬರೆಯುತ್ತಿದ್ದೆ. ಧೈರ್ಯವಾಗಿರಿ; ಅಳು ಬಂದರೆ ಅಳಿ, ನಾಚಿಕೆ ಬೇಡ — ಕೊನೆಗೆ ಬರೆದದ್ದು ಅಷ್ಟೇ.'

ಅರ್ಧವಿರಾಮ ಕಂಡಿತು. ಫೋನ್ ವಾಪಸ್ ಕೊಟ್ಟು ಅಡುಗೆಮನೆಗೆ ಹೋದೆ. ಹೇಡಿ ನಾನು.

ಮಾರ್ಚ್ 10, ಸೋಮವಾರ

ಟೀಂ ಲೀಡರ್‌ಗೆ ಹೇಳಿದೆ. "ಹೋಗಿದ್ದು ಹೋಯ್ತು ಮೇಡಂ, ವಾಪಸ್ ಬರಲ್ಲ. ಹೊಸ ಅಕೌಂಟ್ ಮಾಡ್ಸಿ. ಆದ್ರೆ ನಿಮ್ಮ ಸೂತ್ರಾನ ಸಾಫ್ಟ್‌ವೇರ್‌ಗೇ ಹಾಕ್ಬಿಟ್ಟಿದೀವಿ. ತಪ್ಪಿಲ್ದೆ ಬರೆದ್ರೆ ನಮ್ಮ ತನಕ ಬರೋದೇ ಇಲ್ಲ, ಅಲ್ಲೇ ಡಿಲೀಟ್." ಶಹಭಾಸ್ ಬೇರೆ ಹೇಳಿದ.

ಗುಂಪು ತೆರೆದು ನೋಡಿದೆ. ಹೊಲಿಗೆಯವರು ಬರೆದಿದ್ದಾರೆ: 'ತಿದ್ದೋ ಸಾರ್ ಎಲ್ಲಿ ಹೋದ್ರಿ. ಬುದವಾರ ಬಂದೇ ಬಿಡ್ತು. ಬಯ ಆಗ್ತಿದೆ. ಯಾರಾದ್ರು ಮನುಶ್ಯರು ಇದೀರಾ ಇಲ್ಲಿ'

ಕೆಳಗೆ ಹದಿನೇಳು ಉತ್ತರ. 'ನಿಮ್ಮ ಬಾವನೆ ಅರ್ತವಾಗುತ್ತದೆ! ನಮ್ಮ ಗಂಟಲಿನ ಪುಡಿ ಬಳಸಿ.' ಹದಿನೇಳರಲ್ಲೂ ಅದೇ ಪುಡಿ. ಹದಿನೇಳೂ ಬಾಟ್. ತಪ್ಪು ಬರೆಯುವುದನ್ನೂ ಕಲಿತಾಯಿತು. ನಾನು ಚಾಪೆ ಕೆಳಗೆ ತೂರಿದರೆ ಅವು ರಂಗೋಲಿ ಕೆಳಗೆ ತೂರಿವೆ.

ಮಾರ್ಚ್ 11, ಮಂಗಳವಾರ. ಸಂಜೆ 6

ಬಾಯಲ್ಲಿ ಹೇಳಲಾಗಲಿಲ್ಲ. ಸ್ಲೇಟು ತೆಗೆದುಕೊಂಡು ಬರೆದೆ: 'ಬಟನ್ ಒತ್ತಿದ್ದು ನಾನೇ ಮಾವ. ಕ್ಶಮಿಸಿ.'

ಮಾವ ಬಳಪ ತೆಗೆದುಕೊಂಡು 'ಕ್ಶ' ಹೊಡೆದುಹಾಕಿ 'ಕ್ಷ' ಮಾಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಳು ಬಂತು.

ಸೂತ್ರದ ವಿಷಯವನ್ನೂ ಹೇಳಿದೆ. ಸ್ಲೇಟು ಒರೆಸಿದರು.

'ಎಷ್ಟು ತಪ್ಪು ಬೇಕು?'

"ಮೂರು ಸಾಕು ಮಾವ."

6.40

ಹೊಸ ಅಕೌಂಟ್ ಆಯಿತು. 'ನಾನೇ, ತಿದ್ದೋ ಸಾರ್' ಎಂದು ಶುರುಮಾಡಿದ್ದಾರೆ. ತಪ್ಪು ಬರೆಯುತ್ತಾರೆ, ಬೆರಳು ತಾನಾಗಿಯೇ ಹಿಂದೆ ಹೋಗಿ ತಿದ್ದುತ್ತದೆ. ನಾನು ಹಿಡಿದುಕೊಂಡೆ. ಅರ್ಧವಿರಾಮ ತೆಗೆದರು. 'ನಾಚಿಕೆ'ಯನ್ನು 'ನಾಛಿಕೆ' ಮಾಡಿದರು. ಎರಡಾಯಿತು. 'ಧೈರ್ಯ'ದ ಎದುರು ನಿಂತುಬಿಟ್ಟಿದ್ದಾರೆ.

7.05

ಸೀಳು ತೆಗೆದರು. 'ದೈರ್ಯವಾಗಿರಿ.' ಕಳಿಸಿದೆವು. ಹೋಯಿತು! ಡಿಲೀಟ್ ಆಗಿಲ್ಲ. ಮಾವ ನನ್ನ ಕಡೆ ನೋಡುತ್ತಿಲ್ಲ, ಕನ್ನಡಕ ಒರೆಸುತ್ತಿದ್ದಾರೆ.

7.20

ಉತ್ತರ ಬಂತು.

'ನೀವು ಅವರಲ್ಲ. ತಿದ್ದೋ ಸಾರ್ ಸತ್ರೂ ದೈರ್ಯಕ್ಕೆ ಹೊಟ್ಟೆ ಸೀಳದೆ ಬಿಡೋರಲ್ಲ. ನನಗೇ ಎಷ್ಟು ಸಲ ಬೈದಿದಾರೆ. ಅವರ ಹೆಸರು ಹಾಕ್ಕೊಂಡು ಬಂದ ಬಾಟು ತಾನೆ ನೀವು. ನಾಳೆ ಬೆಳಗ್ಗೆ ನನಗೆ ಆಪರೇಶನ್. ನನ್ನ ಬಿಟ್ಬಿಡಿ.'

ಬ್ಲಾಕ್ ಮಾಡಿದ್ದಾರೆ.

ಫೋನ್ ನನ್ನ ಕೈಯಲ್ಲಿದೆ. ಮಾವ ಕನ್ನಡಕ ಹಾಕಿಕೊಂಡರು. ಏನು ಬರೆದಿದ್ದಾರೆ ಎಂದು ಕೈಸನ್ನೆಯಲ್ಲಿ ಕೇಳುತ್ತಿದ್ದಾರೆ. ನಾನು…